ಸಾತುರ್ನಿನೊ ತಿಂದ ಅರ್ಧ ರೊಟ್ಟಿ

ಕುಸ್ಕೊ ನಗರದಿಂದ ಉರ್ಕೋಸ್ ಕಡೆಗೆ ಹೋಗುವ ವ್ಯಾನುಗಳ ಚಾಲಕರಲ್ಲಿ ಸಾತುರ್ನಿನೊ ಔಕ್ಕಪುರಿಯಷ್ಟು ಹುಷಾರಿನ ಮನುಷ್ಯ ಮತ್ತೊಬ್ಬನಿರಲಿಲ್ಲ. ತಿರುವಿಗೆ ಮುಂಚೆ ಹಾರ್ನ್ ಹಾಕುತ್ತಿದ್ದ, ಇಳಿಜಾರಿನಲ್ಲಿ ಗೇರು ತಗ್ಗಿಸುತ್ತಿದ್ದ, ಊರಿನವರು ಯಾರು ರೊಟ್ಟಿ ಕೊಟ್ಟರೂ ತಿನ್ನುತ್ತಿರಲಿಲ್ಲ.

ಕೊನೆಯದಕ್ಕೆ ಕಾರಣವಿತ್ತು. ನಮ್ಮಲ್ಲಿ ಯಾರಿಂದಲಾದರೂ ದೊಡ್ಡ ನೆರವು ಬೇಕಾದಾಗ ಮೊದಲು ಹುರ್ಕಾ ರೊಟ್ಟಿ ಕೊಡುತ್ತಾರೆ. ತಿಂದವನು ಒಪ್ಪಿದಂತೆ, ಆಮೇಲೆ ಹಿಂದೆ ಸರಿಯುವ ಹಾಗಿಲ್ಲ. ಸಾತುರ್ನಿನೊ ಚಿಕ್ಕಂದಿನಿಂದ ಅವರಿವರ ಮನೆಗಳಲ್ಲಿ ಬೆಳೆದವನು. ಐವತ್ತು ದಾಟಿದರೂ ಕುಸ್ಕೊದ ಸಾನ್ ಬ್ಲಾಸಿನ ಏರುಗಲ್ಲಿಯಲ್ಲಿ ಒಂದು ಬಾಡಿಗೆ ಕೋಣೆ, ಒಂದು ಸ್ಟೌ, ಒಂದು ರೇಡಿಯೊ ಅಷ್ಟೇ. "ನೆಂಟಸ್ತನ ಅಂದ್ರೆ ಬ್ರೇಕಿಲ್ಲದ ಗಾಡಿ. ಹತ್ತೋದು ಸುಲಭ, ನಿಲ್ಸೋದು ಹೆಂಗೆ?" ಎನ್ನುತ್ತಿದ್ದ. ಆದರೆ ದಾರಿಯಲ್ಲಿ ಯಾರಾದರೂ ಹೊಸ ಮನೆ ಕಟ್ಟುತ್ತಿದ್ದರೆ ಅದರ ಮುಂದೆ ಅವನ ವ್ಯಾನು ನಿಧಾನವಾಗುವುದನ್ನು ದಿನವೂ ಓಡಾಡುವ ನಾವೆಲ್ಲ ಗಮನಿಸಿದ್ದೆವು.

ಆಗಸ್ಟ್ ತಿಂಗಳ ಒಂದು ಶನಿವಾರ ಅವನ ಹಿಂದಿನ ಸೀಟಿನಲ್ಲಿ ಎದೆಲ್ಮಿರಾ ಎಂಬಾಕೆ ಕುಳಿತಿದ್ದಳು. ಲಿಮಾದ ನಿವೃತ್ತ ನರ್ಸು. ಕುಸ್ಕೊದ ಬೀದಿಗಳನ್ನೆಲ್ಲ ಸುತ್ತಿ ಮುಗಿಸಿ, ಆಂದವಾಯ್ಲಿಯಾಸ್ ಚರ್ಚಿನ ಬಣ್ಣದ ಚಾವಣಿ ನೋಡಲು ಹೊರಟಿದ್ದಳು. ಒರೊಪೇಸಾದಲ್ಲಿ ಫೋರ್ತುನಾತಾ ಹತ್ತಿದಳು. ಅವಳದು ಆಂದವಾಯ್ಲಿಯಾಸೇ. ಮಡಿಲಲ್ಲಿ ರೊಟ್ಟಿಯ ಗಂಟು, ಮುಖ ಬಾಡಿತ್ತು.

"ಏನಾಯ್ತು ತಾಯಿ?" ಎಂದು ಪಕ್ಕದ ಮುದುಕ ಮೆಲ್ಕಿಯಾದೆಸ್ ಕೇಳಿದ.

"ನಾಳೆ ಮನೆಗೆ ಹೆಂಚು ಹೊದಿಸ್ತೀವಿ ಅಪ್ಪಾ. ಸೂರಿನ ಧರ್ಮತಂದೆ ಆಗ್ತೀನಿ ಅಂದಿದ್ದ ಭಾವ ಕಾಲು ಮುರ್ಕೊಂಡ. ಅಣ್ಣನ್ನ ಕೇಳೋಣ ಅಂತ ರೊಟ್ಟಿ ಕಟ್ಕೊಂಡು ಇಲ್ಲಿಗೆ ಬಂದ್ರೆ ಅವನು ಊರಲ್ಲೇ ಇಲ್ಲ. ಶಿಲುಬೆ, ಮಣ್ಣಿನ ಹೋರಿ ಎಲ್ಲ ತಂದಿಟ್ಟಿದೀನಿ. ಮೇಲೆ ಹತ್ತಿ ಇಡೋನೇ ಇಲ್ಲ. ಅದಿಲ್ದಿದ್ರೆ ಮನೆ ಎಲ್ಲಿಂದ ಬಂತು, ಬರೀ ಗೋಡೆ."

ಮುದುಕ ಗದ್ದದಿಂದ ಚಾಲಕನ ಕಡೆ ತೋರಿಸಿದ. ಕನ್ನಡಿಯಲ್ಲಿ ಅದನ್ನು ಕಂಡ ಸಾತುರ್ನಿನೊ, "ನನ್ನ ಕಡೆ ನೋಡ್ಬೇಡಿ, ನಾನು ಗಾಡಿ ಓಡಿಸ್ತಿದೀನಿ" ಎಂದ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದೆಲ್ಮಿರಾಳಿಗೆ ತಲೆ ಸುತ್ತತೊಡಗಿತು. ಫೋರ್ತುನಾತಾ ಗಂಟು ಬಿಚ್ಚಿ ಒಂದು ರೊಟ್ಟಿ ಕೊಟ್ಟಳು. "ತಿನ್ನಿ ತಾಯಿ. ಖಾಲಿ ಹೊಟ್ಟೇಲಿದ್ರೆ ನಮ್ಮ ಗುಡ್ಡ ತಲೆಗೇರುತ್ತೆ." ಸಾತುರ್ನಿನೊ ಆಗ ಮುಂದಿನ ಲಾರಿಯವನ ಜೊತೆ ಹಾರ್ನಿನಲ್ಲೇ ಜಗಳವಾಡುತ್ತಿದ್ದ, ಅವನಿಗೆ ಇದು ಕೇಳಿಸಲಿಲ್ಲ. ಎದೆಲ್ಮಿರಾ ಅರ್ಧ ತಿಂದು, ಉಳಿದರ್ಧವನ್ನು ಅವನ ಭುಜದ ಮೇಲಿಂದ ಚಾಚಿದಳು. "ತಗೊಳ್ಳಿ ಡ್ರೈವರೇ, ನನಗೆ ಹೆಚ್ಚಾಯ್ತು."

ಲಿಮಾದವಳ ರೊಟ್ಟಿಯಿಂದ ಏನು ಅಪಾಯ? ಬಾಯಿಗೆ ಹಾಕಿಕೊಂಡ.

ಮೆಲ್ಕಿಯಾದೆಸ್ ತೊಡೆ ತಟ್ಟಿ ನಕ್ಕ. "ತಿಂದುಬಿಟ್ಯಲ್ಲೋ! ಅದು ಫೋರ್ತುನಾತಾಳ ಹುರ್ಕಾ ರೊಟ್ಟಿ!"

ಸಾತುರ್ನಿನೊ ಅಗಿಯುವುದನ್ನು ನಿಲ್ಲಿಸಿದ. "ಇವರು ಕೊಟ್ಟಿದ್ದು, ಅವಳು ಕೊಟ್ಟಿದ್ದಲ್ಲ."

"ಕಾಲುವೇಲಿ ಬಂದ್ರೂ ನೀರು ಊಟೆಯದೇ."

"ತಿಂದಿದ್ದು ಅರ್ಧ!"

"ಹಂಗಾದ್ರೆ ಇನ್ನರ್ಧ ತಿಂದ ಈ ತಾಯಿ ಧರ್ಮತಾಯಿ! ಜೋಡಿ ಸರಿಹೋಯ್ತು!"

ಎಲ್ಲರೂ ಹೋ ಎಂದರು. ವಿಷಯ ತಿಳಿದ ಎದೆಲ್ಮಿರಾ ತಲೆಸುತ್ತನ್ನೇ ಮರೆತಳು. "ನಾನು ತಯಾರು. ಆ ಚಾವಣಿ ನಾಲ್ಕುನೂರು ವರ್ಷ ಕಾದಿದೆ, ಇನ್ನೊಂದು ದಿನ ಕಾಯ್ಲಿ."

ಸಾತುರ್ನಿನೊ ಮಾತ್ರ ನಗಲಿಲ್ಲ. "ಸ್ವಂತ ಮನೆಯೇ ಇಲ್ದೋನು ಇನ್ನೊಬ್ಬರ ಮನೆಗೆ ಧರ್ಮತಂದೆನಾ?" ಎಂದು ಮೆಲ್ಲಗೆ ಕೇಳಿದ.

"ಮನೆ ಇರೋರು ಇಬ್ರನ್ನ ನಂಬಿ ನೋಡಿದ್ದಾಯ್ತಲ್ಲ ಅಪ್ಪಾ" ಎಂದಳು ಫೋರ್ತುನಾತಾ. ಗಂಟನ್ನು ಮತ್ತೆ ಕಟ್ಟಿಕೊಳ್ಳುತ್ತಾ, "ಆದ್ರೆ ಬಲವಂತ ಇಲ್ಲ. ಗೊತ್ತಿಲ್ದೆ ತಿಂದ್ರಿ. ನಾನು ಅದನ್ನ ಲೆಕ್ಕಕ್ಕೆ ಹಿಡಿಯಲ್ಲ" ಎಂದಳು.

ಆಂದವಾಯ್ಲಿಯಾಸ್ ಬಂತು. ಅವಳು ಗಂಟು ಹೊತ್ತು ಇಳಿದು ನಾಲ್ಕು ಹೆಜ್ಜೆ ಹೋದಾಗ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ:

"ಎಷ್ಟು ಹೊತ್ತಿಗೆ ಬರ್ಲಿ?"

ಭಾನುವಾರ ಅವನು ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದ. ಊರಿನವರು ಏಣಿಯುದ್ದಕ್ಕೂ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸಿದರು. ಎದೆಲ್ಮಿರಾ ಎಲ್ಲರಿಗಿಂತ ಕೆಳಗೆ ನಿಂತು ಒಂದೊಂದನ್ನೂ ಒರೆಸಿ ಕೊಟ್ಟಳು. ಕೊನೆಗೆ ಸಾತುರ್ನಿನೊ ಮೇಲೆ ಹತ್ತಿದ. ಹಗ್ಗ ಹಿಡಿದು ಸೂರಿನ ನಡುಮಧ್ಯ ಅಳೆದ. ಇನ್ನೊಮ್ಮೆ ಅಳೆದ. ಶಿಲುಬೆ ನೆಟ್ಟು, ಎಡಕ್ಕೊಂದು ಬಲಕ್ಕೊಂದು ಹೋರಿ ಕೂರಿಸಿ ಗಾರೆ ಮೆತ್ತಿ, ಮೆಕ್ಕೆಜೋಳದ ಮದ್ಯ ಚಿಮುಕಿಸಿದ. ಕೆಳಗೆ ಪಟಾಕಿ ಸಿಡಿದವು, ಪಿಟೀಲು ಶುರುವಾಯಿತು.

"ಕೊಂಪಾದ್ರೆ! ಇಳೀರಿ, ಊಟ ಆರ್ತಿದೆ!" ಎಂದು ಫೋರ್ತುನಾತಾ ಕೂಗಿದಳು. ಧರ್ಮತಂದೆಯಾದವನನ್ನು ಅಂದಿನಿಂದ ಸಾಯುವವರೆಗೆ ಆ ಮನೆಯವರು ಕರೆಯುವುದು ಹಾಗೆಯೇ, ಮನೆಯೊಡತಿಯನ್ನು ಅವನು ಕೊಮಾದ್ರೆ ಎನ್ನುತ್ತಾನೆ.

"ಗಾರೆ ಒಣಗ್ಲಿ ಕೊಮಾದ್ರೆ" ಎಂದ ಅವನು. ಬಿಸಿಲಿಗೆ ಗಾರೆ ಆಗಲೇ ಒಣಗಿತ್ತು. ಅವನು ಹೋರಿಯ ಬೆನ್ನ ಮೇಲೆ ಕೈಯಿಟ್ಟು ಅಲ್ಲೇ ಕುಳಿತ.

"ಅಳಿಯನ ಹಂಗೆ ಕೂತ್ನಲ್ಲಪ್ಪ!" ಎಂದ ಮೆಲ್ಕಿಯಾದೆಸ್.

ಕೊನೆಗೆ ಹೆಂಚು ದಾಟಿಸಿದ ಕೈಗಳೇ ಹುರಿದ ಗಿನಿಹಂದಿಯ ತಟ್ಟೆಯನ್ನೂ ದಾಟಿಸಿ ಮೇಲೆ ಕಳಿಸಿದವು. ಸಾತುರ್ನಿನೊ ಒಂದು ತುಂಡು ತಿಂದ. ಯೋಚಿಸಿದ. ಆಮೇಲೆ ಊರಿಗೆಲ್ಲ ಕೇಳುವಂತೆ, ನೆಂಟರು ಮಾತ್ರ ಆಡಬಹುದಾದ ಮಾತೊಂದನ್ನು ಆಡಿದ:

"ಖಾರ ಸಾಲ್ದು, ಕೊಮಾದ್ರೆ!"

"ಬಂದು ಇನ್ನೂ ಒಂದು ದಿನ ಆಗಿಲ್ಲ, ಆಗ್ಲೇ ಕೊಂಕು!" ಎಂದು ಬೈಯುತ್ತಲೇ ಫೋರ್ತುನಾತಾ ಮೆಣಸಿನಕಾಯಿ ಅರೆಯಲು ಒಳಗೆ ಓಡಿದಳು.