ಹೊಳೆಯಾಚೆಯ ಕೂಗಿಗೆ ಕಿವಿಗೊಟ್ಟ ದುಗ್ಗಮ್ಮ

ಬೆಳಗಿನ ಮಬ್ಬು ಇನ್ನೂ ಹರಿದಿಲ್ಲ. ಕುಮಾರಧಾರೆಯನ್ನು ಸೇರುವ ಹೊಳೆಯೊಂದರ ದಡದಲ್ಲಿ ದುಗ್ಗಮ್ಮ ಸೀರೆ ಎತ್ತಿ ಕಟ್ಟಿಕೊಂಡು ನಿಂತಿದ್ದಾರೆ. ಎದುರಿನ ಮುಳುಗು ಸೇತುವೆ ಹೆಸರಿಗೆ ತಕ್ಕ ಹಾಗೆ ಮುಳುಗಿದೆ. ಯಾರೂ ದಾಟದಂತೆ ಅಡ್ಡ ಹಗ್ಗ ಬಿಗಿದವರು ಅವರೇ. ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು ಉದ್ದಕ್ಕೆ ಕೂ ಹಾಕುತ್ತಾರೆ. ಆಚೆ ಗುಡ್ಡೆಯಿಂದ ಒಂದು ಕೂ ಮರಳುತ್ತದೆ, ಕೆಳಗಿನ ಬೈಲಿನಿಂದ ಇನ್ನೊಂದು.

ದುಗ್ಗಮ್ಮ ಕಡಬ ತಾಲೂಕಿನ ಗ್ರಾಮವೊಂದರ ಉಗ್ರಾಣಿ. ಸರಕಾರದ ಭಾಷೆಯಲ್ಲಿ ಗ್ರಾಮ ಸಹಾಯಕಿ. ಜಿಲ್ಲಾಡಳಿತ ಎಂದ ಕೂಡಲೇ ನಮಗೆ ನೆನಪಾಗುವುದು ಜಿಲ್ಲಾಧಿಕಾರಿ, ತಹಶೀಲ್ದಾರರು. ಅದರ ಕೊನೆಯ ಮೆಟ್ಟಿಲಲ್ಲಿ, ಕೆಸರಲ್ಲಿ ಕಾಲಿಟ್ಟು ನಿಂತವರು ಈಕೆ. ಊರು ಮೊದಲು ಪುತ್ತೂರು ತಾಲೂಕಿನಲ್ಲಿತ್ತು, ಕಡಬ ಹೊಸ ತಾಲೂಕಾದಾಗ ಇತ್ತ ಬಂತು. "ತಾಲೂಕು ಬದಲಾಯ್ತು ಮಾರಾಯ್ರೆ, ಹೊಳೆ ಎಲ್ಲಿಗೂ ಹೋಗ್ಲಿಲ್ಲ" ಎಂದು ನಗುತ್ತಾರೆ.

ಆ ಹೊಳೆ ಊರನ್ನು ಎರಡು ಹೋಳು ಮಾಡಿದೆ. ಕಚೇರಿ ಈಚೆ, ಅರ್ಧ ಮನೆಗಳು ಆಚೆ. ನಮ್ಮ ಕಡೆ ಮನೆಗಳು ಸಾಲಾಗಿ ಕೂರುವುದಿಲ್ಲವಲ್ಲ, ಗುಡ್ಡೆಗೊಂದು ಬೈಲಿಗೊಂದು. ಜೋರು ಮಳೆಗೆ ಕರೆಂಟು ಹೋದರೆ ಮೊಬೈಲ್ ಟವರೂ ಸತ್ತಂತೆ. ಆಗ ಉಳಿಯುವುದು ಕೂ ಒಂದೇ. "ಒಂದೊಂದು ಮನೆಯದ್ದು ಒಂದೊಂದು ನಮೂನೆ. ಎಲ್ಲರದ್ದೂ ಕೇಳಿದ ಮೇಲೆಯೇ ನಾನು ಚಾ ಕುಡಿಯುದು. ಈ ಹೊಳೆಗೆ ಇಷ್ಟರ ತನಕ ಒಬ್ಬರನ್ನೂ ಬಿಟ್ಟುಕೊಡ್ಲಿಲ್ಲ."

ಇವತ್ತು ಚಾ ತಣ್ಣಗಾಗುತ್ತಿದೆ. ನೀರಿಗೆ ಅತಿ ಹತ್ತಿರವಿರುವ ರುಖಿಯಮ್ಮನ ಮನೆಯಿಂದ ಸದ್ದೇ ಇಲ್ಲ. ದುಗ್ಗಮ್ಮ ಮತ್ತೆ ಕೂಗುತ್ತಾರೆ, ಸ್ವರ ಒಡೆಯುತ್ತದೆ. ಕಳೆದ ವಾರ ಆ ಹಿರಿಯೆ ಈಚೆ ದಡದಲ್ಲಿದ್ದ ಮೊಮ್ಮಗಳ ಮದುವೆಗೆ ಹೊರಟಾಗ ಸೇತುವೆಯ ಮೇಲೆ ನೀರಿತ್ತು. ದುಗ್ಗಮ್ಮ ಹಗ್ಗ ಬಿಚ್ಚಲಿಲ್ಲ. ಸುತ್ತು ದಾರಿಯಲ್ಲಿ ತಲುಪುವಾಗ ಮದುವೆಯ ಊಟವೂ ಮುಗಿದಿತ್ತಂತೆ.

"ನನಗೂ ಬೇಸರ ಉಂಟು. ಆದ್ರೆ ಒಬ್ಬರಿಗೆ ಬಿಚ್ಚಿದ್ರೆ ಎಲ್ಲರಿಗೂ ಬಿಚ್ಚಬೇಕಲ್ಲ? ಈಗ ಸುಮ್ಮನಿರುದು ಕೋಪಕ್ಕಾ, ಒಳಗೆ ನೀರು ನುಗ್ಗಿದ್ದಕ್ಕಾ? ಇಲ್ಲಿ ನಿಂತು ಎಂತ ಹೇಳುದು?"

ಮೇಲಿನ ದೊಡ್ಡ ಸೇತುವೆ ಸುತ್ತಿ ಹೋಗುವ ಬಾಡಿಗೆ ಜೀಪು ಹತ್ತುತ್ತಾರೆ, ಜೊತೆಗೆ ನಾನೂ. ದಾರಿಯುದ್ದಕ್ಕೂ ದುಗ್ಗಮ್ಮ ಸೆರಗಿನ ತುದಿಯನ್ನು ಹಿಂಡುತ್ತಲೇ ಇದ್ದಾರೆ.

ನೀರು ಅಂಗಳದ ಮೆಟ್ಟಿಲು ಮುಟ್ಟಿದೆ. ಜಗಲಿಯಲ್ಲಿ ರುಖಿಯಮ್ಮ ಮುಖ ಊದಿಸಿಕೊಂಡು ಬೀಡಿ ಕಟ್ಟುತ್ತಿದ್ದಾರೆ.

"ನಿನ್ನ ಕೂ ಕೇಳಿದೆ. ಬೇಕಂತಲೇ ಸುಮ್ಮನಿದ್ದೆ" ಎನ್ನುತ್ತಾರೆ.

ದುಗ್ಗಮ್ಮ ಜಗಲಿಯ ಮೇಲೆ ಕುಸಿದು ಕೂರುತ್ತಾರೆ. ಕಣ್ಣು ತುಂಬಿದೆ. "ಕೋಪ ಎಷ್ಟು ಬೇಕಾದ್ರೂ ಮಾಡಿ ರುಖಿಯಮ್ಮ. ಮೊದಲು ಒಂದು ಕೂ ಹಾಕಿ, ಮತ್ತೆ ಕೋಪ ಮಾಡಿ."

ಬೀಡಿ ಎಲೆ, ಹೊಗೆಸೊಪ್ಪು ತುಂಬಿದ ಸೂಪು ಕೆಳಗಿಟ್ಟು ರುಖಿಯಮ್ಮ ಎದ್ದು ನಿಲ್ಲುತ್ತಾರೆ. ಬಟ್ಟೆಯ ಗಂಟು ಹೊತ್ತ ದುಗ್ಗಮ್ಮ ಮುಂದೆ, ಅವರು ಹಿಂದೆ. ನೀರಿಳಿಯುವ ತನಕ ರುಖಿಯಮ್ಮನಿಗೆ ಗುಡ್ಡೆಯ ಮೇಲಿನ ನೆರೆಮನೆಯೇ ಆಸರೆ. ಇಂಥವರು ನಮ್ಮ ಜಿಲ್ಲೆಯವರು ಎನ್ನಲು ನನಗೆ ನಿಜಕ್ಕೂ ಹೆಮ್ಮೆ.

ಮರುದಿನ ಬೆಳಿಗ್ಗೆ ದುಗ್ಗಮ್ಮ ಬಾಯಿಗೆ ಕೈ ಒಯ್ಯುವ ಮೊದಲೇ ಆಚೆಯಿಂದ ಒಂದು ಕೂ ಬರುತ್ತದೆ, ಗದರಿಸುವ ಹಾಗೆ, ಉದ್ದಕ್ಕೆ. ದುಗ್ಗಮ್ಮ ಚಾ ಲೋಟ ಎತ್ತಿಕೊಳ್ಳುತ್ತಾರೆ.

"ಕೋಪ ಇನ್ನೂ ಉಂಟು. ಇರ್ಲಿ, ಕೋಪ ಮಾಡ್ಲಿಕ್ಕೆ ಜನ ಉಂಟಲ್ಲ."