ಗಫಾ ಎಂಬ ಸದ್ದು

ಓಣಂ ಮುಗಿದ ಮರು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ, ಕಲೂರಿನ ನಮ್ಮ ಫ್ಲ್ಯಾಟಿನ ಕೆಳಗಿನ ಹಾಲ್. ಹಾಜರಿದ್ದವರು ನಿವಾಸಿಗಳ ಸಂಘದ ಕಾರ್ಯದರ್ಶಿ, ಅರವತ್ತು ದಾಟಿದ ಸ್ಪರ್ಧಿಗಳು, ಅವರ ಮನೆಯವರು, ತೀರ್ಪುಗಾರ್ತಿಯಾಗಿ ನಾನು. ಶುರುವಾದದ್ದು ಮುಕ್ಕಾಲು ಗಂಟೆ ತಡವಾಗಿ.

ಅದು ನಗುವ ಪಂದ್ಯ. ವೇದಿಕೆ ಹತ್ತಿ, ಕಾರಣವಿಲ್ಲದೆ, ಮೈಕಿನ ಮುಂದೆ ಅಬ್ಬರಿಸಿ ನಗಬೇಕು. ಕಾರ್ಯದರ್ಶಿ ಅದಕ್ಕೆ ಈ ಸಲ ‘ಗಫಾ’, ಅಂದರೆ ಗಹಗಹಿಸುವ ನಗು, ಎಂಬ ಇಂಗ್ಲಿಷ್ ಹೆಸರಿಟ್ಟು, ಪದದ ಅರ್ಥ ವಿವರಿಸುವ ಕೆಲಸವನ್ನೂ ನನಗೇ ಹಚ್ಚಿದ್ದರು. ಮೊದಲನೆಯವರು ಬಾಯಿ ತೆರೆದಾಗ ಹಲ್ಲಿನ ಸಂದಿಯಲ್ಲಿ ಬಾಳೆಕಾಯಿ ಚಿಪ್ಸು ಕಾಣಿಸಿತು. ಎರಡನೆಯವರ ಎಂಜಲು ಮೈಕಿಗೆ ಹಾರಿತು. ಮೂರನೆಯವರು ಅದೇ ಮೈಕನ್ನು ತುಟಿಗೆ ಒತ್ತಿಕೊಂಡರು. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡೆ.

ಆಮೇಲೆ ಕೂಗಿದ್ದು ನಮ್ಮ ಎದುರುಮನೆಯವರ ಹೆಸರನ್ನು. ಕಾಸರಗೋಡಿನ ಕಡೆಯವರು. ತಿರುವನಂತಪುರದ ಪಟ್ಟಂನಲ್ಲಿ ಅವರು ಬ್ಯಾಂಕ್ ಮ್ಯಾನೇಜರ್ ಆಗಿದ್ದಾಗ ನಾನು ಪಕ್ಕದ ರಸ್ತೆಯ ಕೇಂದ್ರ ಸರ್ಕಾರಿ ಕಚೇರಿಯಲ್ಲಿದ್ದೆ. ತುಟಿ ಬಿಚ್ಚದೆ ಮುಗುಳ್ನಗುವ ಮನುಷ್ಯ. ಹೋದ ವರ್ಷ ಲಕ್ವ ಹೊಡೆದ ಮೇಲೆ ಲಿಫ್ಟಿನಲ್ಲಿ, ವರಾಂಡದಲ್ಲಿ ತಟ್ಟನೆ ಹೋ ಹೋ ಎಂದು ಬಿಡುತ್ತಾರೆ. ಅದನ್ನು ಕೇಳಿಯೇ ಕಾರ್ಯದರ್ಶಿ ಇವರ ಹೆಸರನ್ನು ಪಂದ್ಯಕ್ಕೆ ಸೇರಿಸಿದ್ದು. ಎದುರುಮನೆಯವರ ಹೆಂಡತಿ ಬೇಡವೆಂದಿದ್ದರೂ ಕಾರ್ಯದರ್ಶಿ ಕಿವಿಗೆ ಹಾಕಿಕೊಂಡಿರಲಿಲ್ಲ.

ಪಕ್ಕದಲ್ಲೇ ಕೂತಿದ್ದ ಆಕೆ ನನ್ನ ಕೈ ಹಿಡಿದರು. “ಅದು ನಗು ಅಲ್ಲ ಅಕ್ಕ. ಅಳು ಬಂದ್ರೂ ಅವರಿಗೆ ಅದೇ ಸ್ವರ ಬರುದು. ನೀವಾದ್ರೂ ಹೇಳಿ.”

ಎದ್ದು ಹೇಳಿದೆ. ಗಫಾ ಎಂಬುದು ಸ್ಕಾಟ್ಲೆಂಡಿನ ಕಡೆಯಿಂದ ಇಂಗ್ಲಿಷಿಗೆ ಬಂದ ಪದ. ಗಂಟಲಿನಿಂದ ಸಿಡಿಯುವ ಸದ್ದನ್ನೇ ಅನುಕರಿಸಿ ಕಟ್ಟಿದ್ದು. ಅದರ ಹುಟ್ಟಿನಲ್ಲಿ ಸಂತೋಷವಿಲ್ಲ, ಸದ್ದು ಮಾತ್ರ. ಸದ್ದು ಬಂದ ಮಾತ್ರಕ್ಕೆ ಒಬ್ಬರು ನಗುತ್ತಿದ್ದಾರೆ ಎನ್ನಲಾಗದು, ಆದ್ದರಿಂದ ಇವರನ್ನು ಬಿಟ್ಟುಬಿಡಿ ಎಂದೆ.

“ಅದು ಮದಿ, ಮೇಡಂ,” ಎಂದರು ಕಾರ್ಯದರ್ಶಿ. ಅಷ್ಟೇ ಸಾಕಂತೆ, ಸದ್ದಿಗೇ ಅಂಕ ಹಾಕಬೇಕಂತೆ. ಸಭೆ ಚಪ್ಪಾಳೆ ತಟ್ಟಿತು. ಓದಿ ಹೇಳಿದ್ದು ಇಂಥವರ ಬಾಯಿಗೆ ಬಿದ್ದರೆ ಹೀಗೆಯೇ.

ರಟ್ಟೆ ಹಿಡಿದು ಎದುರುಮನೆಯವರನ್ನು ವೇದಿಕೆ ಹತ್ತಿಸಿದರು. ಜನರನ್ನು ಕಂಡದ್ದೇ ಅವರ ಗಂಟಲಿನಿಂದ ಅದೇ ಹೋ ಹೋ ಸಿಡಿಯಿತು. ಹಾಲೆಲ್ಲ ಉರುಳಾಡಿ ನಕ್ಕಿತು, ಫೋನುಗಳು ಮೇಲೆದ್ದವು. ಅವರ ಗಲ್ಲ ಒದ್ದೆಯಾಗಿತ್ತು. ಕಣ್ಣು ಹೆಂಡತಿಯನ್ನು ಹುಡುಕುತ್ತಿತ್ತು. ನಾನು ಹೋಗಿ ಸ್ಪೀಕರಿನ ಪ್ಲಗ್ ಕಿತ್ತೆ.

“ಅದ್ದೇಹಂ ಚಿರಿಕ್ಕುಕಯಲ್ಲ, ಕರಯುಕಯಾಣ್,” ಎಂದೆ. ನಗುತ್ತಿಲ್ಲ, ಅಳುತ್ತಿದ್ದಾರೆ.

ಮುಂದಿನ ಸಾಲಿನವರು ಫೋನು ಕೆಳಗಿಳಿಸಿದರು. ಹಿಂದೆ ಇನ್ನೂ ಕೆಲವರು ಕಿಸಿಯುತ್ತಲೇ ಇದ್ದರು. ಆಕೆ ಸೆರಗಿನಿಂದ ಗಂಡನ ಮುಖ ಒರೆಸಿ ಲಿಫ್ಟಿಗೆ ಕರೆದೊಯ್ದರು.

ಸಂಜೆ ಕಾರ್ಯದರ್ಶಿ ಎದುರುಮನೆಯ ಬಾಗಿಲಲ್ಲಿ ಬಣ್ಣದ ಕಾಗದ ಸುತ್ತಿದ ಸ್ಟೀಲ್ ಫ್ಲಾಸ್ಕ್ ಇಟ್ಟು ಹೋದರು. ಮೊದಲ ಬಹುಮಾನ. ಆಕೆ ಅದನ್ನು ಮೈಯಿಂದ ದೂರ ಹಿಡಿದು ನನ್ನ ಮನೆಗೆ ತಂದರು. “ಅವರು ಏಳುವ ಮೊದಲು ಇದು ಹೋಗ್ಬೇಕು ಅಕ್ಕ.”

ಅದನ್ನು ಹಿಡಿದು ಕೆಳಗೆ ಸಂಘದ ಕೋಣೆಗೆ ಇಳಿದೆ. ಕಾರ್ಯದರ್ಶಿ ಬೆರಳು ನೆಕ್ಕುತ್ತ ಪಾಯಸ ತಿನ್ನುತ್ತಿದ್ದರು. ಪಾಪ, ಕನಿಕರದಿಂದ ಕೊಟ್ಟದ್ದು ಎಂದರು. ನಾನು ಯಾರಿಗೂ ಅಂಕ ಹಾಕಿಲ್ಲ, ಆದ್ದರಿಂದ ಮೊದಲನೆಯವರೂ ಇಲ್ಲ ಎಂದು ಹೇಳಿ ಫ್ಲಾಸ್ಕನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ಕಪಾಟಿಗೆ ಹಾಕಿ ಬಾಗಿಲು ಮುಚ್ಚುವವರೆಗೆ ಅಲ್ಲೇ ನಿಂತೆ. ಮೇಲೆ ಬಂದು, ಕೊಟ್ಟಾಯಿತೆಂದು ಆಕೆಗೆ ತಿಳಿಸಿ, ಸೋಪು ಹಾಕಿ ಕೈ ತೊಳೆದೆ.