ನಾನು ಬರೆದುಕೊಂಡ ಗಾರೆ

ನಮ್ಮ ಕಡೆ ಮನೆ ಕಟ್ಟುವವರನ್ನೆಲ್ಲ ಗಾರೆ ಕೆಲಸದವರು ಎನ್ನುತ್ತಾರೆ. ಸಿಮೆಂಟಿನ ನೆಲಕ್ಕೆ ಗಾರೆ ನೆಲ ಎನ್ನುತ್ತಾರೆ. ಬಚ್ಚಲು ಸೋರಿದರೆ, ಒಂದು ಕೈ ಗಾರೆ ಎಳೆದುಬಿಡಪ್ಪ ಎಂದು ಹೇಳಿ ಸಿಮೆಂಟು ಕಲಸಿಸುತ್ತಾರೆ. ನಾನೂ ಆ ಮಾತನ್ನು ಹಾಗೇ ಬಳಸುತ್ತ ಬೆಳೆದವಳು. ಆದರೆ ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳೂ ಹೌದು. ಮಹಾಪ್ರಾಣ ಬಿಟ್ಟ ಮಕ್ಕಳ ಕಿವಿ ಹಿಂಡಿದ್ದೇನೆ. ಮದುವೆ ಪತ್ರಿಕೆ ಕೈಗೆ ಬಂದರೆ ಹುಡುಗ ಹುಡುಗಿ ಯಾರು ಎಂದು ನೋಡುವ ಮೊದಲು ಕಾಗುಣಿತ ನೋಡುವ ಚಾಳಿ ಈಗಲೂ ಬಿಟ್ಟಿಲ್ಲ. ಅಂಥವಳು ಬರೆದುಕೊಂಡ ಒಂದೇ ಒಂದು ಪದದಿಂದ ನಮ್ಮ ಕಲ್ಲಿನ ಚರ್ಚು ಹಾಳಾಯಿತು.

ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಹದಿನೈದು ನಿಮಿಷದ ದಾರಿ ನಮ್ಮ ಊರು. ಚರ್ಚಿನ ಮೂರು ಕಡೆಗೂ ಪವರ್‌ಲೂಮ್ ಶೆಡ್ಡುಗಳು. ಪೂಜೆಯ ನಡುವೆ ಗುರುಗಳು ಒಂದು ಗಳಿಗೆ ಮೌನವಾಗಿರಿ ಎಂದರೆ ಮಗ್ಗಗಳ ಸದ್ದು ಒಳಗೆಲ್ಲ ತುಂಬಿಕೊಳ್ಳುತ್ತಿತ್ತು. ನಾವು ಅದನ್ನು ಚರ್ಚು ಎನ್ನುವುದಕ್ಕಿಂತ ಗುಡಿ ಎನ್ನುವುದೇ ಹೆಚ್ಚು. ನಕ್ಷೆ ಹಾಕಿದವರು ಯಾರೋ ಪರದೇಶದ ಪಾದ್ರಿಗಳಂತೆ. ಕಲ್ಲು ಹತ್ತಿರದ ಗುಡ್ಡದ್ದು, ಕೆತ್ತಿದವರು ಇಲ್ಲಿಯವರು. ಅದಕ್ಕೇ ಬಾಗಿಲ ಕಮಾನಿನ ನೆತ್ತಿಯ ಮೇಲೆ ಶಿಲುಬೆ, ಅದರ ಬುಡದಲ್ಲಿ ಥೇಟ್ ದೇವಸ್ಥಾನದ ಕಮಲ. ಕೆತ್ತಿದವನಿಗೆ ಬರುತ್ತಿದ್ದದ್ದು ಅದು, ಅದನ್ನೇ ಮಾಡಿಟ್ಟ. ಎರಡು ಮೊಳ ದಪ್ಪದ ಗೋಡೆ, ಗೋಡೆಯೊಳಕ್ಕೆ ಹೂತ ಮರದ ತೊಲೆಗಳು, ಮೇಲೆ ಹೆಂಚು. ಬಿರುಬೇಸಿಗೆಯಲ್ಲೂ ಒಳಗೆ ಕಾಲಿಟ್ಟರೆ ಅಂಗಾಲು ತಣ್ಣಗಾಗುತ್ತಿತ್ತು.

ಗುಡಿಯ ಹಿಂದೆ ಬೇವಿನ ಮರದ ಕೆಳಗೆ ಒಂದು ದೊಡ್ಡ ಕಲ್ಲಿನ ಗಾಲಿ ಬಿದ್ದಿದೆ. ಸುಣ್ಣ ಮರಳು ಅರೆಯುತ್ತಿದ್ದ ಗಾಣದ ಗಾಲಿ ಅದು. ನಮ್ಮ ತಾತ ಎತ್ತು ಕಟ್ಟಿ ಅದನ್ನು ತಿರುಗಿಸುತ್ತಿದ್ದರಂತೆ. ಹಿಂದೊಮ್ಮೆ ಗೋಡೆಯ ಕಲ್ಲುಗಳ ನಡುವಿನ ಸಂದುಗಳು ಸಡಿಲವಾದಾಗ ತಾತನೂ ನನ್ನ ಚಿಕ್ಕಪ್ಪನೂ ಸೇರಿ ಇಡೀ ಗುಡಿಗೆ ಸಂದು ತುಂಬಿದ್ದರು. ಸುಣ್ಣವನ್ನು ವಾರಗಟ್ಟಲೆ ನೆನೆಹಾಕಿ, ಅಳಲೆಕಾಯಿಯ ರಸ, ಬೆಲ್ಲದ ನೀರು ಬೆರೆಸಿ ಅರೆದದ್ದನ್ನು ಚಿಕ್ಕಪ್ಪ ಊಟದ ವಿಷಯ ಹೇಳಿದ ಹಾಗೆ ಹೇಳುತ್ತಿದ್ದರು. ಆ ಕೆಲಸ ಗೊತ್ತಿದ್ದವರಲ್ಲಿ ನಮ್ಮ ಕಡೆ ಉಳಿದಿದ್ದವರು ಅವರೊಬ್ಬರೇ. ವಯಸ್ಸಾದ ಮೇಲೆ ದಾಬಸ್‌ಪೇಟೆಯಲ್ಲಿ ಮಗಳ ಮನೆಯಲ್ಲಿದ್ದರು.

ಕೆಲವು ವರ್ಷಗಳ ಹಿಂದೆ ಮತ್ತೆ ಸಂದುಗಳಲ್ಲಿ ತುಂಬಿದ್ದು ಉದುರತೊಡಗಿತು. ಅಲ್ಲಲ್ಲಿ ಅರಳಿ ಸಸಿ ಎದ್ದಿತು. ಚರ್ಚಿನ ಕಮಿಟಿಯಲ್ಲಿ ನಾನು ಕಾರ್ಯದರ್ಶಿ. ನನ್ನ ಅಕ್ಷರ ದುಂಡಗಿದೆ ಎನ್ನುವುದೊಂದೇ ಅದಕ್ಕೆ ಅರ್ಹತೆ. ಚಿಕ್ಕಪ್ಪನನ್ನು ಕರೆಸೋಣ ಎಂದವಳು ನಾನೇ. ಅವರು ಬಸ್ಸಿಳಿದು ನೇರ ಗುಡಿಗೆ ಬಂದರು, ಚಪ್ಪಲಿ ಬಿಟ್ಟರು, ಸಂದುಗಳನ್ನು ಹೆಬ್ಬೆರಳ ಉಗುರಿನಲ್ಲಿ ಕೆರೆಯುತ್ತ ಗೋಡೆಯ ಸುತ್ತ ಒಂದು ಸುತ್ತು ಬಂದರು.

"ಗೋಡೆಗೇನೂ ಆಗಿಲ್ಲ ಕಣವ್ವ. ಸಂದಿಗೆ ಗಾರೆ ಹಾಕ್ಸಿ ಸಾಕು. ಗಾರೆ ಬಿಟ್ಟು ಬೇರೇನೂ ಹಾಕಿಸ್ಬ್ಯಾಡಿ."

ನಾನು ಬರೆದುಕೊಂಡೆ. ಗಾರೆ ಮಾತ್ರ ಹಾಕಿಸತಕ್ಕದ್ದು, ಬೇರೇನೂ ಕೂಡದು. 'ಮಾತ್ರ' ಎನ್ನುವ ಪದದ ಕೆಳಗೆ ಗೆರೆಯನ್ನೂ ಎಳೆದೆ. ಹೊರಡುವಾಗ ಚಿಕ್ಕಪ್ಪ ಬಾಗಿಲ ಕಮಾನಿನ ಕೆಳಗೆ ನಿಂತರು. "ಇಲ್ಲೇ ನಂಗೆ ತಲೆಗೆ ನೀರು ಬಿಟ್ಟು ಹೆಸರಿಟ್ಟಿದ್ದು. ನಿಮ್ಮ ಚಿಕ್ಕಮ್ಮನ್ನೂ ಇಲ್ಲಿಂದಾನೇ ಕಳ್ಸಿದ್ದು. ನನ್ನ ಕೊನೇ ಪೂಜೆನೂ ಇದರೊಳಗೇ ಆಗ್ಬೇಕು ಕಣವ್ವ, ಇನ್ನೇನೂ ಆಸೆಯಿಲ್ಲ." ಆಗಲಿ ಬಿಡಿ ಚಿಕ್ಕಪ್ಪ, ಇನ್ನೂ ಇಪ್ಪತ್ತು ವರ್ಷ ಇರ್ತೀರಿ ಎಂದು ನಗಾಡಿ ಬಸ್ಸು ಹತ್ತಿಸಿದೆ.

ಕೆಲಸ ವಹಿಸಿಕೊಂಡವನು ನನ್ನ ಹಳೆಯ ಶಿಷ್ಯ. ಮಗ್ಗದ ಮನೆಯವನು, ನೇಯ್ಗೆ ಬಿಟ್ಟು ಕಟ್ಟಡದ ಕಂಟ್ರಾಕ್ಟಿಗೆ ಇಳಿದಿದ್ದ. ಹೇಳಿದ ಮಾತು ಮೀರುವವನಲ್ಲ. ನಾನು ಬರೆದ ಚೀಟಿ ಓದಿ, "ಗಾರೆ ತಾನೆ ಮಿಸ್, ಮಾಡ್ಬಿಡ್ತೀನಿ," ಅಂದ. ವಾರದಲ್ಲಿ ರಸ್ತೆ ಕಡೆಯ ಗೋಡೆ ಮುಗಿಸಿದ. ಕಲ್ಲುಗಳ ನಡುವೆ ಬೂದುಬಣ್ಣದ ಸಿಮೆಂಟಿನ ಗೆರೆ, ನೋಟ್‌ಬುಕ್ಕಿನ ಹಾಳೆಯ ಹಾಗೆ ನೀಟು. ನನಗೆ ಬಹಳ ಹಿಡಿಸಿತು. ಫೋಟೋ ತೆಗೆದು ಚರ್ಚಿನ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದೆ, ಕೈಮುಗಿದ ಚಿತ್ರಗಳ ಸುರಿಮಳೆಯೇ ಬಂತು.

ಆ ಫೋಟೋವನ್ನು ದಾಬಸ್‌ಪೇಟೆಯಲ್ಲಿ ಮಗಳು ತೋರಿಸಿರಬೇಕು. ಮರುದಿನ ಭಾನುವಾರ, ಪೂಜೆ ಮುಗಿದು ನಾವೆಲ್ಲ ಹೊರಗೆ ಕಾಫಿ ಕುಡಿಯುತ್ತ ನಿಂತಿದ್ದಾಗ ಚಿಕ್ಕಪ್ಪ ಆಟೋದಿಂದ ಇಳಿದರು. ಯಾರನ್ನೂ ಮಾತಾಡಿಸದೆ ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟರು.

"ಇದೇನವ್ವ ಇದು, ಸಿಮೆಂಟು ಮೆತ್ತಿಸ್ಬಿಟ್ಟಿದೀಯ?"

"ಗಾರೆ ಅಂತ ನೀವೇ ಹೇಳಿದ್ರಲ್ಲ ಚಿಕ್ಕಪ್ಪ."

"ಗಾರೆ ಅಂದ್ರೆ ಸುಣ್ಣ ಅಲ್ವೇನವ್ವ? ಕಲ್ಲು ಕುಡಿದ ನೀರು ಸುಣ್ಣದೊಳಗಿಂದ ಆಚೆ ಬರ್ತದೆ. ಸಿಮೆಂಟು ಬಾಯಿ ಮುಚ್ಚಿಬಿಟ್ರೆ ಅದು ಎಲ್ಲಿಗೆ ಹೋಗ್ಬೇಕು? ಒಂದೇ ಗೋಡೆ ತಾನೆ, ಇನ್ನೂ ಎಳೇದು, ಇವತ್ತೇ ಕೆರೆಸಿಬಿಡು. ಮಿಕ್ಕ ಮೂರು ಮುಟ್ಟಬ್ಯಾಡಿ. ಸುಣ್ಣ ನಾನು ಕೂತು ಮಾಡಿಸ್ಕೊಡ್ತೀನಿ."

ಸುತ್ತ ಕಮಿಟಿಯವರೆಲ್ಲ ಇದ್ದರು, ಗುರುಗಳಿದ್ದರು, ಕಾಫಿ ಲೋಟ ಹಿಡಿದ ನನ್ನ ಶಿಷ್ಯನೂ ಇದ್ದ. ಗೋಡೆಯ ಯೋಚನೆ ನನಗೆ ಬರಲೇ ಇಲ್ಲ. ನಾನು ಬರೆದದ್ದು ತಪ್ಪು ಎಂದು ಎಲ್ಲರೆದುರು ಹೇಳುತ್ತಿದ್ದಾರಲ್ಲ ಎನ್ನುವುದಷ್ಟೇ ತಲೆಯಲ್ಲಿ ತುಂಬಿತ್ತು.

"ಚಿಕ್ಕಪ್ಪ, ನನಗೆ ಕನ್ನಡ ಹೇಳಿಕೊಡಬೇಡಿ," ಅಂದುಬಿಟ್ಟೆ. "ಗಾರೆ ಅಂದರೆ ಏನೂಂತ ನನಗೆ ಗೊತ್ತು."

ಯಾರೋ ಕಿಸಕ್ಕನೆ ನಕ್ಕರು. ಚಿಕ್ಕಪ್ಪ ಅಕ್ಷರ ಕಲಿತವರಲ್ಲ. "ಇರ್ಬೋದು ಬಿಡವ್ವ," ಎಂದು ಗೋಡೆಯಿಂದ ಕೈ ತೆಗೆದರು. ಕಾಫಿಯನ್ನೂ ಕುಡಿಯದೆ ಹೊರಟುಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಎಷ್ಟು ತರಗತಿಗಳಿಗೆ ಕೊಟ್ಟಿದ್ದೇನೋ ಲೆಕ್ಕವಿಲ್ಲ.

ಅವತ್ತು ಮನೆಗೆ ಹೋಗಿ ನಿಘಂಟು ತೆಗೆದೆ. ತಪ್ಪು ನನ್ನದಲ್ಲ ಎಂದು ರುಜುವಾತು ಸಿಗಲಿ ಎಂಬ ಆಸೆ. ಗಾರೆ ಎನ್ನುವುದರ ಎದುರಿಗೆ ಮೊದಲ ಅರ್ಥವೇ ಸುಣ್ಣ ಮತ್ತು ಮರಳಿನ ಮಿಶ್ರಣ ಎಂದಿತ್ತು. ಪುಸ್ತಕ ಮುಚ್ಚಿಟ್ಟೆ. ಒಂದು ಫೋನು ಮಾಡಿದ್ದರೆ ಮೂರು ಗೋಡೆ ಉಳಿಯುತ್ತಿದ್ದವು. ಮಾಡಲಿಲ್ಲ. ಆಗಲೇ ಸಿಮೆಂಟಿನ ಮೂಟೆ ಇಳಿಸಿದ್ದಾರೆ, ಗುರುಗಳೂ ಒಪ್ಪಿದ್ದಾರೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಶಿಷ್ಯನಿಗೆ ಫೋನು ಮಾಡಿ ಮಿಸ್ ತಪ್ಪು ಬರೆದಿದ್ದರು ಕಣಪ್ಪ ಎನ್ನಲು ನನಗೆ ನಾಲಿಗೆ ಬರಲಿಲ್ಲ.

ನಾಲ್ಕೂ ಗೋಡೆಗೆ ಸಿಮೆಂಟು ಬಿದ್ದ ಮೇಲೆ ಮೊದಲ ಮಳೆಗಾಲಕ್ಕೆ ಏನೂ ಆಗಲಿಲ್ಲ. ನೋಡಿದಿರಾ ಎಂದು ಒಳಗೊಳಗೇ ಬೀಗಿದೆ ಕೂಡ. ಎರಡನೆಯದಕ್ಕೆ ಒಳಗಿನ ಗಿಲಾವು ಬೊಕ್ಕೆ ಎದ್ದ ಹಾಗೆ ಉಬ್ಬಿತು. ಪೂಜೆಯ ಹೊತ್ತಿನಲ್ಲಿ ಬೆಂಚಿನ ಮೇಲೆ ಬಿಳಿ ಪುಡಿ ಉದುರುತ್ತಿತ್ತು, ಹೆಂಗಸರು ಸೆರಗಿನಲ್ಲಿ ಒರೆಸಿ ಕೂರುತ್ತಿದ್ದರು. ಮೂರನೆಯದಕ್ಕೆ ಗೋಡೆಯೊಳಗಿದ್ದ ತೊಲೆಗಳ ತುದಿ ಕೊಳೆತು ಹೆಂಚಿನ ಮಾಡು ಒಂದು ಕಡೆಗೆ ವಾಲಿತು. ಬಂದು ನೋಡಿದ ಎಂಜಿನಿಯರು ಬೆರಳಿನಲ್ಲಿ ಒತ್ತಿದರೆ ತೊಲೆಯ ತುದಿ ನೆನೆದ ರೊಟ್ಟಿಯ ಹಾಗೆ ಒಳಕ್ಕೆ ಹೋಯಿತು. ಸಿಮೆಂಟು ತೆಗೆಸೋಣವೆಂದು ನನ್ನ ಶಿಷ್ಯ ತಾನೇ ಉಳಿ ಹಿಡಿದು ಒಂದು ಗೆರೆ ಕಿತ್ತು ನೋಡಿದ. ಸಿಮೆಂಟಿನ ಜೊತೆಗೆ ಕಲ್ಲಿನ ಅಂಚೂ ಎದ್ದು ಬಂತು. ಉಳಿ ಕೆಳಗಿಟ್ಟು, "ನೀವು ಬರ್ದಿದ್ದೇ ಮಾಡಿದ್ದು ಮಿಸ್," ಎಂದ. ಅದರಲ್ಲಿ ದೂರಿರಲಿಲ್ಲ. ದೂರಿದ್ದರೆ ನಾನು ಸಿಟ್ಟಾದರೂ ಮಾಡಿಕೊಳ್ಳುತ್ತಿದ್ದೆ.

ಒಳಗೆ ಯಾರೂ ಹೋಗಕೂಡದೆಂದು ಬಾಗಿಲಿಗೆ ಬೀಗ ಬಿತ್ತು. ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿ ಪೂಜೆ ಶುರುವಾಯಿತು.

ಅಷ್ಟರಲ್ಲಿ ಚಿಕ್ಕಪ್ಪ ಹಾಸಿಗೆ ಹಿಡಿದಿದ್ದರು. ತಪ್ಪಾಯಿತು ಎಂದು ಹೇಳಿಬಿಡಬೇಕೆಂದೇ ದಾಬಸ್‌ಪೇಟೆಗೆ ಹೋದೆ. ಕಿತ್ತಳೆಹಣ್ಣು ಸುಲಿದು ಒಂದೊಂದೇ ತೊಳೆ ಬಾಯಿಗಿಟ್ಟೆ.

"ಗುಡಿ ಹೆಂಗೈತವ್ವ?" ಎಂದು ಕೇಳಿದರು.

"ಚೆನ್ನಾಗಿದೆ ಚಿಕ್ಕಪ್ಪ."

ಅವರು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು. ನಂಬಿದರೋ, ನನ್ನ ಮರ್ಯಾದೆ ಉಳಿಸಿದರೋ ಗೊತ್ತಿಲ್ಲ. ಬೀಗದ ವಿಷಯ ಮಗಳು ಆಗಲೇ ಹೇಳಿದ್ದಳಂತೆ, ಅದು ನನಗೆ ಆಮೇಲೆ ತಿಳಿಯಿತು.

ಅವರನ್ನು ಊರಿಗೆ ತಂದ ದಿನ ಶವದ ಪೆಟ್ಟಿಗೆಯನ್ನು ಒಳಗೆ ಒಯ್ಯಲು ಗುರುಗಳು ಒಪ್ಪಲಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಹೊತ್ತವರ ತಲೆಯ ಮೇಲೆ ಮಾಡು ಕುಸಿದರೆ ಯಾರು ಹೊಣೆ? ಎರಡು ನಿಮಿಷ ಕಮಾನಿನ ಮುಂದೆ ಬೀಗ ಹಾಕಿದ ಬಾಗಿಲಿಗೆ ಎದುರಾಗಿ ಪೆಟ್ಟಿಗೆ ಇಳಿಸಿದರು, ಆಮೇಲೆ ಶೆಡ್ಡಿಗೆ ಹೊತ್ತುಕೊಂಡು ಹೋದರು. ಬಿಸಿಲಿಗೆ ತಗಡು ಕಾದು ಎಲ್ಲರೂ ಹಾಡಿನ ಪುಸ್ತಕದಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ನಾನು ಅತ್ತೆ. ಚಿಕ್ಕಪ್ಪ ಹೋದರೆಂದು ಅಳುತ್ತಿದ್ದೇನೆ ಎಂದುಕೊಂಡು ಪಕ್ಕದವರು ಬೆನ್ನು ಸವರಿದರು.

ಹನ್ನೊಂದನೆಯ ದಿನ ಸಮಾಧಿಯ ಹತ್ತಿರ ನಿಂತಿದ್ದೆ. ಸುತ್ತಲಿನವೆಲ್ಲ ಸಿಮೆಂಟು ಕಟ್ಟೆ ಕಟ್ಟಿ ಮೇಲೆ ಗ್ರಾನೈಟ್ ಕೂರಿಸಿದವು. ನನ್ನ ಶಿಷ್ಯ ಕರೆಯದೆಯೇ ಬಂದಿದ್ದ, ಕೈಯಲ್ಲಿ ಕರಣೆ.

"ಸುತ್ತ ಒಂದು ಕಟ್ಟೆ ಕಟ್ಟಿ ಗಾರೆ ಮಾಡ್ಬಿಡ್ಲಾ ಮಿಸ್? ನಂದೇ ಕೆಲಸ, ಏನೂ ಬೇಡ."

"ಯಾವ ಗಾರೆ?" ಎಂದು ಕೇಳಿದೆ. ಅವತ್ತು ಚೀಟಿ ಹಿಡಿದು ಬಾಗಿಲ ಬಳಿ ನಿಂತಿದ್ದಾಗ ಚಿಕ್ಕಪ್ಪನನ್ನು ಕೇಳಬೇಕಿದ್ದ ಮಾತು.

ಅವನು ಕರಣೆಗೆ ಅಂಟಿದ್ದ ಒಣ ಸಿಮೆಂಟನ್ನು ಉಗುರಿನಲ್ಲಿ ಕೆರೆದ.

"ನಂಗೆ ಬರೋದು ಒಂದೇ ಮಿಸ್. ಇನ್ನೊಂದು ಗೊತ್ತಿದ್ದೋರು ಇವ್ರು," ಎಂದು ಮಣ್ಣಿನ ಗುಡ್ಡೆಯ ಕಡೆ ನೋಡಿದ.

"ಬೇಡ ಬಿಡಪ್ಪ," ಅಂದೆ. "ಮಣ್ಣೇ ಇರಲಿ."